ಹಕೋನೆಯಿಂದ ಏನು ತರಬೇಕು, ಹೇಗೆ ತರಬೇಕು: ಯೊಸೆಗಿ ಮರಗೆಲಸದಿಂದ ಮಂಜೂ ಸಿಹಿಯವರೆಗೆ ಸಮಗ್ರ ಮಾರ್ಗದರ್ಶಿ

ಟೋಕಿಯೊದ ನೈಋತ್ಯಕ್ಕೆ, ಕನಗಾವಾ ಪ್ರಾಂತದ ಬೆಟ್ಟಗಳ ನಡುವೆ ಹಬ್ಬಿಕೊಂಡಿರುವ ಹಕೋನೆ, ಜಪಾನಿನ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ ಟೋಕಿಯೊ ಪ್ರವಾಸಿಗರಿಗೆ ಅತ್ಯಂತ ಸುಲಭವಾಗಿ ಎಟಕುವ ಊರುಗಳಲ್ಲೊಂದು. ಟೋಕಿಯೊದ ಶಿಂಜುಕು ನಿಲ್ದಾಣದಿಂದ ರೊಮ್ಯಾನ್ಸ್‌ಕಾರ್ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಹಕೋನೆ-ಯುಮೋತೊ ತಲುಪಬಹುದು. ಬಂದವರು ರೋಪ್‌ವೇ ಹತ್ತುತ್ತಾರೆ, ಅಶಿ ಸರೋವರದಲ್ಲಿ ದೋಣಿಯಲ್ಲಿ ಸುತ್ತುತ್ತಾರೆ, ಮೋಡ ಸರಿದರೆ ಫೂಜಿ ಪರ್ವತವನ್ನು ಕಾಣುತ್ತಾರೆ. ಆಮೇಲೆ ಹೊರಡುವ ರೈಲಿಗೆ ಅರ್ಧ ಗಂಟೆ ಉಳಿದಿರುವಾಗ ನಿಲ್ದಾಣದ ಅಂಗಡಿಗೆ ನುಗ್ಗಿ, ಬಣ್ಣದ ಕಾಗದ ಸುತ್ತಿದ ನಾಲ್ಕು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ನನ್ನ ಮೊದಲ ಪ್ರವಾಸದಲ್ಲಿ ನಾನೂ ಹೀಗೆಯೇ ಮಾಡಿದ್ದೆ. ಇನ್ನೂರು ವರ್ಷಗಳಷ್ಟು ಹಳೆಯ ಮರಗೆಲಸವೊಂದು ಇಂದಿಗೂ ಉಸಿರಾಡುತ್ತಿರುವ ಊರಿನಲ್ಲಿ ಹಾಗೆ ಮಾಡುವುದು ದೊಡ್ಡ ನಷ್ಟ. ಆದ್ದರಿಂದ ಈ ಬರಹದ ಬೇಡಿಕೆ ಒಂದೇ: ಹಕೋನೆಯಲ್ಲಿ ಕೊಳ್ಳುವ ಕೆಲಸಕ್ಕೆ ಅರ್ಧ ದಿನವನ್ನು ಬೇರೆಯಾಗಿಯೇ ಎತ್ತಿಡಿ, ಮತ್ತು ವಸ್ತು ಹೇಗೆ ತಯಾರಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ನಂತರವೇ ಹಣ ಕೊಡಿ.

ಮೊದಲ ಹೆಜ್ಜೆ: ಕೊಳ್ಳುವ ಕ್ರಮವನ್ನು ನಿರ್ಧರಿಸಿಕೊಳ್ಳಿ

ಕುಶಲವಸ್ತುಗಳನ್ನು ಮೊದಲು, ತಿನಿಸುಗಳನ್ನು ಕೊನೆಗೆ ಕೊಳ್ಳಬೇಕು. ಇದು ಹೇಳುವುದಕ್ಕೂ ಬೇಡದ ಮಾತೆನಿಸಬಹುದು, ಆದರೆ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಬುಗ್ಗೆ ಊರುಗಳ ಸಿಹಿಗಳಲ್ಲಿ ಬಹುಪಾಲು ಆವಿಯಲ್ಲಿ ಬೇಯಿಸಿದವು. ಸಂರಕ್ಷಕಗಳನ್ನು ಸೇರಿಸದೆ ಮಾಡಿದ ಮಂಜೂ, ಅಂದರೆ ಹೂರಣ ತುಂಬಿದ ಪುಟ್ಟ ಉಂಡೆ, ಕೆಲವೇ ದಿನ ಬಾಳುತ್ತದೆ. ನಾನು ಒಮ್ಮೆ ಹತ್ತು ದಿನಗಳ ಪ್ರವಾಸದ ಎರಡನೆಯ ದಿನವೇ ಇಪ್ಪತ್ತು ಮಂಜೂಗಳ ಡಬ್ಬಿಯನ್ನು ಕೊಂಡು, ಊರಿಗೆ ತಂದು ಮುಚ್ಚಳ ತೆಗೆದಾಗ ಅರ್ಧಕ್ಕರ್ಧ ಬೂಷ್ಟು ಹಿಡಿದಿತ್ತು. ದೋಷ ಅಂಗಡಿಯದಲ್ಲ, ಡಬ್ಬಿಯ ಮೇಲೆ ದಿನಾಂಕ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅದನ್ನು ಓದುವ ಕ್ರಮ ನನಗೆ ತಿಳಿದಿರಲಿಲ್ಲ. ಆ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಪ್ರವಾಸದ ಆರಂಭದಲ್ಲಿ ಹಕೋನೆಗೆ ಹೋಗುವವರು ಅಲ್ಲಿ ಮರದ ವಸ್ತುಗಳನ್ನಷ್ಟೇ ಕೊಂಡು, ತಿನಿಸುಗಳನ್ನು ಅಲ್ಲಿಯೇ ತಿಂದು ಬರುವುದು ಒಳಿತು. ಹಕೋನೆ ಪ್ರವಾಸದ ಕೊನೆಯ ತಾಣವಾಗಿದ್ದರೆ ಎರಡನ್ನೂ ತರಬಹುದು. ಟೋಕಿಯೊ ಬಳಿಯ ನರಿತಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನ ಇರುವುದರಿಂದ, ಹೊರಡುವ ಹಿಂದಿನ ದಿನ ಕೊಂಡ ಸಿಹಿ ಮೂರನೆಯ ದಿನ ಮನೆಯವರ ಬಾಯಿಗೆ ಬೀಳುವುದು ಕಷ್ಟವೇನಲ್ಲ.

ಎರಡನೆಯ ಹೆಜ್ಜೆ: ಹತಾಜುಕುವಿಗೆ ಹೋಗಿ, ಕೆಲಸ ನಡೆಯುವುದನ್ನು ನೋಡಿ

ಹಕೋನೆ-ಯುಮೋತೊ ನಿಲ್ದಾಣದಿಂದ ಹಳೆಯ ತೊಕಾಯ್ದೊ ಹೆದ್ದಾರಿಯ ದಾರಿಯಾಗಿ ಮೋತೊ-ಹಕೋನೆಗೆ ಹೋಗುವ ಬಸ್ಸನ್ನು ಹಿಡಿದರೆ ಅರ್ಧ ಗಂಟೆಯೊಳಗೆ ಹತಾಜುಕು ಎಂಬ ಹಳ್ಳಿ ಬರುತ್ತದೆ. ಎದೋ (ಇಂದಿನ ಟೋಕಿಯೊ) ಮತ್ತು ಕ್ಯೋತೋ ನಗರಗಳ ನಡುವೆ ನಡೆದು ಹೋಗುತ್ತಿದ್ದ ಪ್ರಯಾಣಿಕರು ಹಕೋನೆ ಘಟ್ಟ ಹತ್ತುವಾಗ ದಣಿವಾರಿಸಿಕೊಳ್ಳುತ್ತಿದ್ದ ನಡುದಾರಿಯ ತಂಗುದಾಣ ಇದು. ಬುಗ್ಗೆಯಲ್ಲಿ ಮಿಂದು ಆಯಾಸ ಕಳೆದುಕೊಂಡವರು, ದೂರದ ಊರಿಗೆ ಒಯ್ಯಲು ಹಗುರವಾದ, ಒಡೆಯದ, ಚಿಕ್ಕದಾದ ಏನಾದರೊಂದನ್ನು ಹುಡುಕುತ್ತಿದ್ದರು. ಎದೋ ಕಾಲದ ಕೊನೆಯ ಭಾಗದಲ್ಲಿ ಇದೇ ಹತಾಜುಕುವಿನ ಇಶಿಕಾವಾ ನಿಹೇಯಿ (1790–1850) ಎಂಬ ಕುಶಲಕರ್ಮಿ ಬೇರೆ ಬೇರೆ ಬಣ್ಣದ ಮರಗಳನ್ನು ಜೋಡಿಸಿ ವಿನ್ಯಾಸ ಮಾಡುವ ಕೆಲಸವನ್ನು ಶುರುಮಾಡಿದ. ಅದೇ ಯೊಸೆಗಿ-ಜಾಯ್ಕು. 1984ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರದ ಸಾಂಪ್ರದಾಯಿಕ ಕರಕುಶಲ ಕಲೆಗಳ ಪಟ್ಟಿಗೆ ಸೇರಿಸಿತು. ಹೊಸವರ್ಷದ ಆರಂಭದಲ್ಲಿ ಟೋಕಿಯೊದಿಂದ ಹಕೋನೆಯವರೆಗೆ ಓಡಿ ಮರಳುವ, ವಿಶ್ವವಿದ್ಯಾಲಯಗಳ ಪ್ರಸಿದ್ಧ ರಿಲೇ ಓಟದಲ್ಲಿ ಹಕೋನೆಯವರೆಗಿನ ಮೊದಲ ಅರ್ಧವನ್ನು ಗೆದ್ದ ತಂಡಕ್ಕೆ ಕೊಡುವ ಟ್ರೋಫಿಯೂ ಯೊಸೆಗಿಯದೇ.

ಮೈಸೂರಿನ ಬೀಟೆಮರದ ಇನ್ಲೇ ಕೆಲಸವನ್ನು ನೋಡಿ ಬೆಳೆದವರಿಗೆ ಯೊಸೆಗಿಯ ಪೆಟ್ಟಿಗೆ ಕಂಡಕೂಡಲೇ ಇದೂ ಅದೇ ಎನಿಸುತ್ತದೆ. ಆದರೆ ಕೆಲಸದ ದಾರಿ ಪೂರಾ ಬೇರೆ. ಮೈಸೂರಿನಲ್ಲಿ ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರದ ಚೂರುಗಳನ್ನು ಅದರೊಳಗೆ ಕೂರಿಸುತ್ತಾರೆ. ಆನೆ, ನವಿಲು, ದಸರಾ ಮೆರವಣಿಗೆ ಹೀಗೆ ಚಿತ್ರ ಮೂಡುತ್ತದೆ, ನೆಲವಾಗಿ ಬೀಟೆ ಉಳಿಯುತ್ತದೆ. ಯೊಸೆಗಿಯಲ್ಲಿ ನೆಲ ಎಂಬುದೇ ಇಲ್ಲ. ಮರದ ಸಣ್ಣ ಸಣ್ಣ ಕಂಬಿಗಳನ್ನು ಕರಾರುವಾಕ್ಕಾದ ಕೋನಕ್ಕೆ ಹೆರೆದು, ಕಟ್ಟಿ, ಅಂಟಿಸಿ, ಆ ಕಟ್ಟನ್ನು ಅಡ್ಡ ಕೊಯ್ದು, ಮತ್ತೆ ಬೇರೆ ದಿಕ್ಕಿನಲ್ಲಿ ಜೋಡಿಸಿ ಅಂಟಿಸುತ್ತಾ ಹೋಗುತ್ತಾರೆ. ಕೊನೆಗೆ ಸಿಗುವುದು ಇಟ್ಟಿಗೆಯಂತಹ ಒಂದು ದಪ್ಪ ತುಂಡು. ಅದನ್ನು 'ತಾನೆ-ಇತಾ', ಅಂದರೆ ಬೀಜದ ಹಲಗೆ ಎನ್ನುತ್ತಾರೆ. ಒಳಗೆ ಚಿತ್ರ ಸೇರಿಸಿ ಎಳೆದ ಉದ್ದನೆಯ ಮಿಠಾಯಿ ಕಡ್ಡಿಯನ್ನು ಎಲ್ಲಿ ಕತ್ತರಿಸಿದರೂ ಒಂದೇ ಹೂವು ಕಾಣುವಂತೆ, ಈ ತುಂಡಿನಲ್ಲಿ ಎಷ್ಟು ಆಳಕ್ಕೆ ಹೋದರೂ ಅದೇ ವಿನ್ಯಾಸ ಮುಂದುವರಿಯುತ್ತದೆ.

ಬಣ್ಣ ಬಳಿಯುವುದಿಲ್ಲ ಎಂಬುದು ಈ ಕಲೆಯ ಜೀವ. ಬಿಳುಪಿಗೆ ಮಿಜುಕಿ ಮರ, ಹಳದಿಗೆ ನಿಗಾಕಿ ಅಥವಾ ಉರುಶಿ ಮರ, ಕಂದಿಗೆ ಎಂಜು, ಹಸಿರು ಛಾಯೆಗೆ ಹೋನೋಕಿ, ಕಪ್ಪಿಗೆ ಬಹುಕಾಲ ಮಣ್ಣಿನಲ್ಲಿ ಹೂತುಹೋಗಿದ್ದು ಕಪ್ಪಾದ ಕತ್ಸುರಾ ಮರ. ಹಕೋನೆಯ ಕಾಡಿನಲ್ಲಿ ಮರದ ಜಾತಿಗಳು ಹೇರಳವಾಗಿದ್ದುದರಿಂದಲೇ ಈ ಕಲೆ ಇಲ್ಲಿ ಬೇರು ಬಿಟ್ಟಿತು. ಇಂದು ಕೆಂಪು, ನೇರಳೆಯಂತಹ ಕೆಲವು ಬಣ್ಣಗಳಿಗಾಗಿ ಹೊರದೇಶದ ಮರಗಳನ್ನೂ ಬಳಸುತ್ತಾರೆ.

ಹತಾಜುಕುವಿನ ಯೊಸೆಗಿ ಕೈಕಾನ್ ಎಂಬ ಪ್ರದರ್ಶನ ಕೇಂದ್ರದಲ್ಲಿ ಮತ್ತು ಸುತ್ತಲಿನ ಕೆಲವು ಕಾರ್ಯಾಗಾರಗಳಲ್ಲಿ ಕೆಲಸವನ್ನು ಹತ್ತಿರದಿಂದ ನೋಡಬಹುದು. ನಾನು ನೋಡಿದ ದಿನ ವಯಸ್ಸಾದ ಕುಶಲಕರ್ಮಿಯೊಬ್ಬರು ಬೀಜದ ಹಲಗೆಯನ್ನು ಮೇಜಿಗೆ ಬಿಗಿದು, ಅಗಲವಾದ ಬಾಯಿಯ ಉಜ್ಜುಗೊರಡನ್ನು ಅದರ ಮೇಲಿಟ್ಟರು. ಒಂದೇ ಉಸಿರಿನಲ್ಲಿ ಎರಡೂ ತೋಳುಗಳ ಬಲದಿಂದ ಎಳೆ ಹರಿದಂತೆ ಗೊರಡು ಸರಿಯಿತು. ಅದರ ಬಾಯಿಂದ ವಿನ್ಯಾಸವನ್ನು ಹೊತ್ತ ಮರದ ಹಾಳೆ ಸುರುಳಿಯಾಗಿ ಮೇಲೆದ್ದಿತು. ಅವರು ಅದನ್ನು ನನ್ನ ಅಂಗೈ ಮೇಲಿಟ್ಟರು. ಅದಕ್ಕೆ ಭಾರವೇ ಇರಲಿಲ್ಲ. ಬೆಳಕಿಗೆ ಹಿಡಿದರೆ ಬಿಳಿಯ ಮರದ ಭಾಗಗಳಲ್ಲಿ ನನ್ನ ಬೆರಳಿನ ನೆರಳು ಕಾಣುತ್ತಿತ್ತು. ಇದೇ 'ಜುಕು'. ಇದರ ದಪ್ಪ ಸುಮಾರು 0.2 ಮಿಲಿಮೀಟರ್. ಸುರುಳಿ ಸುತ್ತಿಕೊಂಡ ಜುಕುವನ್ನು ಇಸ್ತ್ರಿ ಹಾಕಿ ಸಪಾಟು ಮಾಡಿ, ಪೆಟ್ಟಿಗೆಯ ಮೈಗೆ ಅಂಟಿಸುತ್ತಾರೆ.

ಸಮಯವಿದ್ದರೆ ಅಲ್ಲಿಯೇ ಮರದ ತುಂಡುಗಳನ್ನು ಜೋಡಿಸಿ ಲೋಟದಡಿ ಇಡುವ ಕೋಸ್ಟರ್ ಮಾಡುವ ತರಬೇತಿಯಲ್ಲಿಯೂ ಭಾಗವಹಿಸಬಹುದು. ಮಕ್ಕಳೊಂದಿಗೆ ಹೋದವರು ಇದನ್ನು ತಪ್ಪಿಸಬಾರದು. ಸ್ವತಃ ಅಂಟಿಸಿದ ಕೋಸ್ಟರ್ ಯಾವ ಅಂಗಡಿಯಲ್ಲಿಯೂ ಸಿಗದ ಕಾಣಿಕೆ.

ಮೂರನೆಯ ಹೆಜ್ಜೆ: ಮೂರು ಬಗೆಯ ವಸ್ತುಗಳನ್ನು ಗುರುತಿಸಲು ಕಲಿಯಿರಿ

ಅಂಗಡಿಯ ಒಂದೇ ಕಪಾಟಿನಲ್ಲಿ, ದೂರದಿಂದ ಒಂದೇ ರೀತಿ ಕಾಣುವ ಎರಡು ತಟ್ಟೆಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರುವುದನ್ನು ಕಂಡು ಗಾಬರಿಯಾಗಬೇಡಿ. ಕಾರಣ ತಯಾರಿಕೆಯ ವಿಧಾನದಲ್ಲಿದೆ.

ಮೊದಲನೆಯದು ಮೇಲೆ ಹೇಳಿದ ಜುಕುವನ್ನು ಅಂಟಿಸಿದ ವಸ್ತು. ಒಂದು ಬೀಜದ ಹಲಗೆಯಿಂದ ಬಹಳಷ್ಟು ಹಾಳೆಗಳು ಸಿಗುವುದರಿಂದ ಇದರ ಬೆಲೆ ಎಟಕುವಂತಿರುತ್ತದೆ. ಪೆಟ್ಟಿಗೆಗಳು, ಪುಸ್ತಕದ ಗುರುತುಪಟ್ಟಿಗಳು, ಫೋಟೊ ಚೌಕಟ್ಟುಗಳು ಹೆಚ್ಚಾಗಿ ಈ ಬಗೆಯವು. ಇದನ್ನು ಅಗ್ಗದ ಮಾಲು ಎಂದು ತಿಳಿಯಬಾರದು. ಇಷ್ಟು ತೆಳುವಾದ ಹಾಳೆಯನ್ನು ಹರಿಯದಂತೆ ಹೆರೆಯುವುದು ವರ್ಷಗಟ್ಟಲೆ ಕಲಿತ ಕೈಗೆ ಮಾತ್ರ ಸಾಧ್ಯ.

ಎರಡನೆಯದು 'ಮುಕು', ಅಂದರೆ ಇಡೀ ತುಂಡು. ಬೀಜದ ಹಲಗೆಯನ್ನೇ ನೇರವಾಗಿ ಲೇತ್‌ಗೆ ಹಾಕಿ ಬಟ್ಟಲು, ತಟ್ಟೆ, ಹೂದಾನಿಯಾಗಿ ಕಡೆಯುತ್ತಾರೆ. ಬಾಗಿದ ಮೈಯಲ್ಲಿ ವಿನ್ಯಾಸ ಸೀಳಿಕೊಂಡು ಹೋಗುವುದರಿಂದ ನೇರ ಗೆರೆಗಳು ಅಲೆಗಳಾಗಿ, ಚೌಕಗಳು ಹೂದಳಗಳಾಗಿ ಮಾರ್ಪಡುತ್ತವೆ. ಕೈಯಲ್ಲಿ ಹಿಡಿದ ವಸ್ತುವಿನ ಒಳಮೈ, ಹೊರಮೈ, ಅಂಚು ಮೂರರಲ್ಲಿಯೂ ವಿನ್ಯಾಸ ತಡೆಯಿಲ್ಲದೆ ಹರಿದಿದ್ದರೆ ಅದು ಮುಕು ಎಂದು ನಿಶ್ಚಯಿಸಬಹುದು. ಬೆಲೆ ಸಹಜವಾಗಿಯೇ ಹೆಚ್ಚು. ನನ್ನನ್ನು ಕೇಳಿದರೆ, ಜುಕು ಅಂಟಿಸಿದ ಐದು ವಸ್ತುಗಳಿಗೆ ಬದಲಾಗಿ ಮುಕುವಿನ ಒಂದೇ ಒಂದು ಚಿಕ್ಕ ಬಟ್ಟಲನ್ನು ಆರಿಸುವುದು ಲೇಸು.

ಮೂರನೆಯದು ಯೊಸೆಗಿಯೇ ಅಲ್ಲದ, ವಿನ್ಯಾಸವನ್ನು ಕಾಗದದ ಮೇಲೋ ಪ್ಲಾಸ್ಟಿಕ್ ಮೇಲೋ ಅಚ್ಚು ಹಾಕಿದ ವಸ್ತು. ಇದನ್ನು ಗುರುತಿಸುವುದಕ್ಕೆ ಒಂದು ಉಪಾಯವಿದೆ. ವಸ್ತುವನ್ನು ಬೆಳಕಿನ ಕೆಳಗೆ ಮೆಲ್ಲಗೆ ಓರೆ ಮಾಡಿ. ನಿಜವಾದ ಯೊಸೆಗಿಯಲ್ಲಿ ಪ್ರತಿಯೊಂದು ತುಂಡಿನ ಎಳೆ ಒಂದೊಂದು ದಿಕ್ಕಿಗೆ ಹರಿದಿರುವುದರಿಂದ, ಓರೆ ಮಾಡಿದಂತೆ ಕೆಲವು ತುಂಡುಗಳು ಮಿನುಗಿ ಕೆಲವು ಮಂಕಾಗುತ್ತವೆ, ಮರುಗಳಿಗೆ ಅದು ಅದಲುಬದಲಾಗುತ್ತದೆ. ಅಚ್ಚಿನ ವಿನ್ಯಾಸದಲ್ಲಿ ಬೆಳಕು ಎಲ್ಲೆಡೆ ಒಂದೇ ಸಮನಾಗಿ ಜಾರುತ್ತದೆ. ಜೊತೆಗೆ ಅಕ್ಕಪಕ್ಕದ ಎರಡು ಬಿಳಿ ತುಂಡುಗಳನ್ನು ಹೋಲಿಸಿ ನೋಡಿ. ಮರವಾದರೆ ಎಳೆಗಳು ಎಂದಿಗೂ ಒಂದರ ಪಡಿಯಚ್ಚಾಗಿ ಇನ್ನೊಂದು ಇರುವುದಿಲ್ಲ. ಸಾಂಪ್ರದಾಯಿಕ ಕರಕುಶಲ ವಸ್ತು ಎಂದು ಪರಿಶೀಲಿಸಿ ಅಂಟಿಸುವ ಅಧಿಕೃತ ಮುದ್ರೆಯ ಚೀಟಿಯೂ ಕೆಲವು ವಸ್ತುಗಳ ಮೇಲಿರುತ್ತದೆ. ಅದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಅದು ಇಲ್ಲದ ಮಾತ್ರಕ್ಕೆ ವಸ್ತು ನಕಲಿ ಎನ್ನಲಾಗದು.

ವಿನ್ಯಾಸಗಳ ಹೆಸರು ತಿಳಿದಿದ್ದರೆ ಅಂಗಡಿಯವರೊಡನೆ ಮಾತು ಸುಲಭ. ಚದುರಂಗದ ಹಾಸಿನಂತಹ ಚೌಕಗಳು 'ಇಚಿಮತ್ಸು', ಆಮೆಯ ಚಿಪ್ಪಿನ ಆರುಮೂಲೆ 'ಕಿಕ್ಕೋ', ಸೆಣಬಿನ ಎಲೆಯ ನಕ್ಷತ್ರ 'ಅಸಾನೋಹಾ', ಬಾಣದ ಗರಿ 'ಯಬಾನೆ', ಕಡಲ ಅಲೆ 'ಸೇಯ್ಗಾಯ್ಹಾ'. ಆಮೆ ದೀರ್ಘಾಯುಷ್ಯದ ಸಂಕೇತವಾದ್ದರಿಂದ ಹಿರಿಯರಿಗೆ ಕಿಕ್ಕೋ, ಸೆಣಬು ಸರಸರನೆ ನೆಟ್ಟಗೆ ಬೆಳೆಯುವ ಗಿಡವಾದ್ದರಿಂದ ಮಗು ಹುಟ್ಟಿದ ಮನೆಗೆ ಅಸಾನೋಹಾ ಒಪ್ಪುತ್ತದೆ. ಜಪಾನಿನಲ್ಲಿ ಹಸುಗೂಸಿನ ಬಟ್ಟೆಯ ಮೇಲೂ ಅಸಾನೋಹಾ ವಿನ್ಯಾಸವನ್ನು ಹಾಕುವ ರೂಢಿ ಇದೆ.

ನಾಲ್ಕನೆಯ ಹೆಜ್ಜೆ: ಗುಟ್ಟಿನ ಪೆಟ್ಟಿಗೆಯನ್ನು ಆರಿಸುವುದು

ಹಕೋನೆಯ ಹೆಸರನ್ನು ಜಗತ್ತಿಗೆ ಒಯ್ದದ್ದು 'ಹಿಮಿತ್ಸು-ಬಾಕೊ', ಅಂದರೆ ಗುಟ್ಟಿನ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಮುಚ್ಚಳ ಕಾಣುವುದಿಲ್ಲ, ಚಿಲಕ ಕಾಣುವುದಿಲ್ಲ, ಕೂಡುಗೆರೆಯೂ ಸುಲಭಕ್ಕೆ ಸಿಗುವುದಿಲ್ಲ. ಬದಿಯ ಹಲಗೆಗಳನ್ನು ಗೊತ್ತಾದ ಕ್ರಮದಲ್ಲಿ ಕೆಲವೇ ಮಿಲಿಮೀಟರ್ ಸರಿಸುತ್ತಾ ಹೋದರೆ ಮಾತ್ರ ಮೇಲಿನ ಹಲಗೆ ಜಾರಿ ತೆರೆಯುತ್ತದೆ. ಒಂದು ಹಲಗೆ ಸರಿದರೆ ಇನ್ನೊಂದಕ್ಕೆ ದಾರಿ; ಅದು ಸರಿಯದೆ ಮೂರನೆಯದು ಅಲುಗುವುದಿಲ್ಲ. ವಿನ್ಯಾಸದ ಗೆರೆಗಳ ನಡುವೆ ಹಲಗೆಯ ಕೂಡುಗೆರೆ ಕರಗಿಹೋಗುವುದರಿಂದ, ಗುಟ್ಟನ್ನು ಕಾಯುವುದರಲ್ಲಿ ಯೊಸೆಗಿಯದೂ ಪಾಲಿದೆ.

ಆರಿಸುವಾಗ ಎರಡು ಅಳತೆಗಳನ್ನು ಕೇಳಬೇಕು. ಮೊದಲನೆಯದು ಗಾತ್ರ; ಇದನ್ನು ಹಳೆಯ ಜಪಾನಿ ಅಳತೆಯಾದ 'ಸುನ್'ನಲ್ಲಿ ಹೇಳುತ್ತಾರೆ. ಒಂದು ಸುನ್ ಸುಮಾರು 3 ಸೆಂಟಿಮೀಟರ್, ಆದ್ದರಿಂದ ನಾಲ್ಕು ಸುನ್ ಪೆಟ್ಟಿಗೆ ಎಂದರೆ ಸುಮಾರು 12 ಸೆಂಟಿಮೀಟರ್ ಉದ್ದ. ಎರಡನೆಯದು ತೆರೆಯಲು ಬೇಕಾದ ಸರಿಸುವಿಕೆಗಳ ಸಂಖ್ಯೆ. ನಾಲ್ಕು, ಏಳು, ಹತ್ತು, ಇಪ್ಪತ್ತೊಂದು ಹೀಗೆ ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ನಾಲ್ಕರಿಂದ ಏಳು ಸಾಕು. ಅತಿ ಹೆಚ್ಚು ಸಂಖ್ಯೆಯ ಪೆಟ್ಟಿಗೆ ಕೊಂಡವರಲ್ಲಿ ಬಹುತೇಕರು ಅದನ್ನು ಎರಡು ಸಲ ತೆರೆದು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಹತ್ತರ ಪೆಟ್ಟಿಗೆ ಮಾತ್ರ ಮನೆಗೆ ಬಂದವರ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತದೆ.

ಹಣ ಕೊಡುವ ಮುನ್ನ ಅಂಗಡಿಯವರ ಮುಂದೆ ಒಮ್ಮೆ ಪೂರ್ತಿ ತೆರೆದು, ಪೂರ್ತಿ ಮುಚ್ಚಿ ನೋಡಿ. ಹಲಗೆ ಬಿಗಿಯಾಗಿ, ಆದರೆ ಕಿರುಗುಟ್ಟದೆ ಸರಿಯಬೇಕು. ಸಡಿಲವಾಗಿ ತಾನಾಗಿಯೇ ಜಾರುವ ಪೆಟ್ಟಿಗೆ ಬೇಡ. ಮರ ತೇವಕ್ಕೆ ಹಿಗ್ಗುವ, ಒಣಹವೆಗೆ ಕುಗ್ಗುವ ವಸ್ತು; ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಲಗೆಗಳು ಸ್ವಲ್ಪ ಬಿಗಿಯಾಗುವುದು, ಕಲಬುರಗಿಯ ಬೇಸಿಗೆಯಲ್ಲಿ ಸಡಿಲವಾಗುವುದು ಸಹಜ. ಬಿಗಿಯಾದಾಗ ಬಲ ಹಾಕಿ ಎಳೆಯಬಾರದು, ಎಣ್ಣೆಯನ್ನಂತೂ ಬಿಡಲೇಬಾರದು. ಮರ ಎಣ್ಣೆ ಕುಡಿದರೆ ಪೆಟ್ಟಿಗೆ ಹಾಳಾಗಬಹುದು. ಕೆಲವು ದಿನ ಒಣಗಿದ ಕೋಣೆಯಲ್ಲಿಟ್ಟರೆ ತಾನೇ ಸರಿಯಾಗುತ್ತದೆ.

ಐದನೆಯ ಹೆಜ್ಜೆ: ಯೊಸೆಗಿಯಲ್ಲದೆ ಇನ್ನೇನು

ಲೇತ್‌ನಲ್ಲಿ ಕಡೆದ ಗೊಂಬೆಗಳು ಹಕೋನೆಯ ಇನ್ನೊಂದು ಸಂಪತ್ತು. ಒಂದರೊಳಗೊಂದು ಕೂರುವ ಮೊಟ್ಟೆಗಳು, ಏಳು ಭಾಗ್ಯದೇವತೆಗಳ ಗೊಂಬೆಗಳು ಇಲ್ಲಿ ಹಿಂದಿನಿಂದಲೂ ತಯಾರಾಗುತ್ತಿದ್ದವು. ರಷ್ಯಾದ ಪ್ರಸಿದ್ಧ ಮತ್ರ್ಯೋಷ್ಕಾ ಗೊಂಬೆಗೆ ಇವೇ ಸ್ಫೂರ್ತಿ ಎಂಬ ಮಾತು ಹಕೋನೆಯಲ್ಲಿ ಪ್ರಚಲಿತವಾಗಿದೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಏರಿಸಿದ ಚನ್ನಪಟ್ಟಣದ ಬೊಂಬೆಗಳು ಮನೆಯಲ್ಲಿರುವವರಿಗೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ಒಂದು ಸಂತೋಷ.

ಕೆಳಗಿನ ಓದವಾರಾ ನಗರದಲ್ಲಿ ಮಡಚಿದರೆ ಚಪ್ಪಟೆಯಾಗುವ ಕಾಗದದ ಲಾಂದ್ರ ಸಿಗುತ್ತದೆ. ಎದೋ ಕಾಲದ ಪ್ರಯಾಣಿಕರು ಸೊಂಟಕ್ಕೆ ಸಿಕ್ಕಿಸಿಕೊಂಡು ಒಯ್ಯಲೆಂದೇ ಇದು ರೂಪುಗೊಂಡದ್ದು, ಆದ್ದರಿಂದ ಸೂಟ್‌ಕೇಸಿನ ಮೂಲೆಯಲ್ಲಿಯೂ ಹಿಡಿಸುತ್ತದೆ. ಎಳೆಗಳು ಎದ್ದು ಕಾಣುವಂತೆ ಉರುಶಿ ಮರದ ರಸದ ಮೆರುಗು ಹಚ್ಚಿದ, ಕೆಯಾಕಿ ಮರದ ಓದವಾರಾ ಬಟ್ಟಲುಗಳೂ ದಿನಬಳಕೆಗೆ ಚೆನ್ನ.

ಆರನೆಯ ಹೆಜ್ಜೆ: ಅಲ್ಲಿಯೇ ತಿನ್ನಬೇಕಾದವನ್ನು ಅಲ್ಲಿಯೇ ತಿನ್ನಿ

ಓವಾಕುದಾನಿಯ ಕಪ್ಪು ಮೊಟ್ಟೆ, ಅಂದರೆ 'ಕುರೊ-ತಮಾಗೊ', ಊರಿಗೆ ತರುವ ವಸ್ತುವಲ್ಲ. ಗಂಧಕದ ಹೊಗೆ ಉಗುಳುವ ಈ ಕಣಿವೆಯಲ್ಲಿ, ಸುಮಾರು 80 ಡಿಗ್ರಿ ಬಿಸಿಯಿರುವ ಬುಗ್ಗೆಯ ನೀರಿನಲ್ಲಿ ಕೋಳಿಮೊಟ್ಟೆಗಳನ್ನು ಸುಮಾರು ಒಂದು ಗಂಟೆ ಬೇಯಿಸಿ, ಬಳಿಕ ಹಬೆಯಲ್ಲಿಡುತ್ತಾರೆ. ನೀರಿನಲ್ಲಿರುವ ಕಬ್ಬಿಣದ ಅಂಶ ಮೊಟ್ಟೆಯ ಸಿಪ್ಪೆಗೆ ಅಂಟಿ, ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುವುದರಿಂದ ಸಿಪ್ಪೆ ಕಪ್ಪಾಗುತ್ತದೆ. ಒಳಗಿನ ಬಿಳಿ ಮತ್ತು ಹಳದಿ ಎಂದಿನಂತೆಯೇ ಇರುತ್ತವೆ. ಒಂದು ತಿಂದರೆ ಆಯುಷ್ಯ ಏಳು ವರ್ಷ ಹೆಚ್ಚುತ್ತದೆ ಎಂಬ ನಂಬಿಕೆ ಇದರ ಬೆನ್ನಿಗಿದೆ. ಬಿಸಿಯಾಗಿರುವಾಗಲೇ ಉಪ್ಪು ಉದುರಿಸಿಕೊಂಡು ತಿನ್ನಿ. ಇದು ಜೀವಂತ ಜ್ವಾಲಾಮುಖಿಯ ಪ್ರದೇಶವೆಂಬುದನ್ನು ಮರೆಯಬಾರದು: 2015ರಲ್ಲಿ ಸಣ್ಣ ಪ್ರಮಾಣದ ಸ್ಫೋಟವಾಗಿ ಕಣಿವೆಯನ್ನು ಬಹಳ ತಿಂಗಳು ಮುಚ್ಚಲಾಗಿತ್ತು. ಆಸ್ತಮಾ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಅಲ್ಲಿಗೆ ಹೋಗದಿರುವುದೇ ಕ್ಷೇಮ. ಹೊರಡುವ ದಿನ ಬೆಳಿಗ್ಗೆ ರೋಪ್‌ವೇ ಓಡುತ್ತಿದೆಯೇ ಎಂದು ಎಲ್ಲರೂ ವಿಚಾರಿಸಿಕೊಳ್ಳಬೇಕು.

ಸಸ್ಯಾಹಾರಿಗಳಿಗೆ ಹಕೋನೆಯ ನಿಜವಾದ ಸುಖ ಬೇರೆಡೆ ಇದೆ. ಹತಾಜುಕುವಿನಿಂದ ಕಲ್ಲುಹಾಸಿನ ಹಳೆಯ ಹೆದ್ದಾರಿಯಲ್ಲಿ ಮೇಲಕ್ಕೆ ನಡೆದರೆ, ದಾರಿಯಲ್ಲಿ ಹುಲ್ಲುಮಾಡಿನ ಅಮಜಾಕೆ-ಚಾಯಾ ಎಂಬ ಚಹಾಮನೆ ಸಿಗುತ್ತದೆ. ಘಟ್ಟ ಹತ್ತುವವರಿಗೆ ತಲೆತಲಾಂತರದಿಂದ ಇಲ್ಲಿ ಅಮಜಾಕೆ ಕೊಡುತ್ತಿದ್ದಾರೆ. ಅಕ್ಕಿ ಮತ್ತು ಕೋಜಿ ಎಂಬ ಹುದುಗಿನಿಂದ ಮಾಡುವ ಈ ಬಿಸಿ ಪಾನೀಯಕ್ಕೆ ಸಕ್ಕರೆ ಹಾಕುವುದಿಲ್ಲ. ಅಕ್ಕಿಯ ಪಿಷ್ಟವೇ ಸಿಹಿಯಾಗಿ ಒಡೆದಿರುತ್ತದೆ. ಹೆಸರಿನ 'ಜಾಕೆ' ಎಂದರೆ 'ಸಾಕೆ', ಅಂದರೆ ಅಕ್ಕಿಯ ಮದ್ಯ; ಆದರೂ ಇದರಲ್ಲಿ ಮದ್ಯವಿಲ್ಲ. ನಾಲಿಗೆಗೆ ಮೊದಲು ತಾಗುವುದು ತೆಳುವಾದ ಅಕ್ಕಿಪಾಯಸದ ರುಚಿ, ಆಮೇಲೆ ದೋಸೆಹಿಟ್ಟು ಹುಳಿಯಲು ಶುರುವಾದಾಗಿನ ಒಂದು ಪರಿಮಳ. ಜೊತೆಗೆ ಹುರಿದ ಸೋಯಾ ಹಿಟ್ಟು ಅಥವಾ ಕರಿ ಎಳ್ಳು ಹಚ್ಚಿದ, ಮೋಚಿ ಎಂಬ ಅಂಟಕ್ಕಿಯ ಮುದ್ದೆ ತಿಂದರೆ ಮುಂದಿನ ಏರಿಗೆ ಕಾಲು ಸಿದ್ಧ.

ಓದವಾರಾದ ಕಾಮಾಬೊಕೊ ಎಂಬುದು ಮೀನಿನ ಹಿಟ್ಟನ್ನು ಮರದ ಹಲಗೆಯ ಮೇಲೆ ಕಟ್ಟಿ ಹಬೆಯಲ್ಲಿ ಬೇಯಿಸಿದ ತಿನಿಸು. ಮೀನು ತಿನ್ನುವವರಿಗೆ ಇದು ರುಚಿಕರ, ಆದರೆ ಸದಾ ತಂಪಿನಲ್ಲಿರಬೇಕಾದ ವಸ್ತುವಾದ್ದರಿಂದ ಸೂಟ್‌ಕೇಸಿಗೆ ಸಲ್ಲದು.

ಏಳನೆಯ ಹೆಜ್ಜೆ: ಊರಿಗೆ ತರುವ ತಿನಿಸುಗಳನ್ನು ಆರಿಸಿ, ಚೀಟಿ ಓದಿ

ಮೊದಲ ಆಯ್ಕೆ ಒನ್ಸೆನ್ ಮಂಜೂ, ಅಂದರೆ ಬಿಸಿನೀರ ಬುಗ್ಗೆ ಊರಿನ ಮಂಜೂ. ಕಪ್ಪು ಬೆಲ್ಲ ಬೆರೆಸಿದ ಗೋಧಿಹಿಟ್ಟಿನ ಕಣಕದೊಳಗೆ ಅಜುಕಿ ಕಾಳಿನ ಸಿಹಿ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿದ ಪುಟ್ಟ ಉಂಡೆ ಇದು. ಹೋಳಿಗೆ, ಕಡುಬು ತಿಂದು ಬೆಳೆದ ನಾಲಿಗೆಗೆ ಕಾಳಿನ ಹೂರಣ ಅಪರಿಚಿತವೇನಲ್ಲ. ಕೆಂಪು ಕಾಳಿನ ಸಿಹಿಯೇ ಎಂದು ಮೂಗು ಮುರಿಯುವ ಪಾಶ್ಚಾತ್ಯ ಪ್ರವಾಸಿಗರಿಗಿಂತ ನಾವು ಇದನ್ನು ಬೇಗ ಒಪ್ಪಿಕೊಳ್ಳುತ್ತೇವೆ. ನುಣ್ಣಗೆ ರುಬ್ಬಿ ಸೋಸಿದ ಹೂರಣಕ್ಕೆ 'ಕೋಶಿ-ಆನ್', ಕಾಳು ಕಾಳಾಗಿ ಉಳಿಸಿದ್ದಕ್ಕೆ 'ತ್ಸುಬು-ಆನ್' ಎನ್ನುತ್ತಾರೆ. ಯುಮೋತೊದ ಅಂಗಡಿಸಾಲಿನಲ್ಲಿ ಬಿಡಿಯಾಗಿ ಒಂದು ಕೊಂಡು, ಹಬೆಯಾಡುತ್ತಿರುವಾಗ ತಿಂದು ನೋಡಿ, ಮೆಚ್ಚಿದ ಅಂಗಡಿಯ ಡಬ್ಬಿಯನ್ನೇ ಕೊಳ್ಳುವುದು ಸರಿಯಾದ ಕ್ರಮ.

ಬಹುಕಾಲ ಬಾಳುವುದು ಬೇಕೆಂದರೆ ಓದವಾರಾದ ಉಮೆಬೊಶಿ. ಸೋಗಾ ಎಂಬಲ್ಲಿನ ತೋಪುಗಳಲ್ಲಿ ಬೆಳೆದ ಉಮೆ ಎಂಬ ಹುಳಿ ಹಣ್ಣನ್ನು ಉಪ್ಪಿನಲ್ಲಿಟ್ಟು, ಕೆಂಪು ಶಿಸೊ ಎಲೆಯೊಡನೆ ಊರಿಸಿ, ಬಿಸಿಲಿಗೆ ಒಣಗಿಸಿದ ಉಪ್ಪಿನಕಾಯಿ ಇದು. ಇದರಲ್ಲಿ ಎಣ್ಣೆಯೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಮೊಸರನ್ನಕ್ಕೆ ಇದರಂತಹ ಜೊತೆ ಮತ್ತೊಂದಿಲ್ಲ ಎಂಬುದು ನನ್ನ ಮನೆಯವರೆಲ್ಲರ ಒಮ್ಮತದ ತೀರ್ಪು. ಕೊಳ್ಳುವಾಗ ಉಪ್ಪಿನ ಪ್ರಮಾಣ ಕೇಳಿ: ಶೇಕಡ 18ರ ಆಸುಪಾಸಿನ ಹಳೆಯ ಕ್ರಮದ ಉಮೆಬೊಶಿ ಹೊರಗಿಟ್ಟರೂ ಕೆಡುವುದಿಲ್ಲ, ಜೇನು ಬೆರೆಸಿದ, ಉಪ್ಪು ಕಡಿಮೆ ಮಾಡಿದ ಬಗೆಗಳು ಬೇಗ ಕೆಡುತ್ತವೆ. ಸಸ್ಯಾಹಾರಿಗಳು 'ಕತ್ಸುಒ-ಉಮೆ' ಎಂಬ ಹೆಸರಿನ ಡಬ್ಬಿಯಿಂದ ದೂರವಿರಬೇಕು. ಅದರಲ್ಲಿ ಒಣಮೀನಿನ ಚೂರುಗಳಿರುತ್ತವೆ.

ಈಗ ದಿನಾಂಕದ ವಿಷಯ. ಜಪಾನಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯುತ್ತಾರೆ. ಆದ್ದರಿಂದ 26.05.10 ಎಂದರೆ 2026ರ ಮೇ 10. ಬೂಷ್ಟು ಹಿಡಿದ ಡಬ್ಬಿಯಲ್ಲಿ ನಾನು ಎಡವಿದ್ದು ಇಲ್ಲಿಯೇ. 'ಶೋಮಿ ಕಿಗೆನ್' ಎಂದರೆ ರುಚಿ ಚೆನ್ನಾಗಿರುವ ಅವಧಿ, ಒಂದೆರಡು ದಿನ ದಾಟಿದರೂ ಹಾನಿಯಿಲ್ಲ. 'ಶೋಹಿ ಕಿಗೆನ್' ಎಂದಿದ್ದರೆ ಆ ದಿನ ದಾಟಿದ ಮೇಲೆ ತಿನ್ನಲೇಬಾರದು. ಅಂಗಡಿಯಲ್ಲಿ 'ಜೋಓನ್' ಎಂದರೆ ಹೊರಗಿಡಬಹುದು, 'ರೇಯ್ಜೋ' ಎಂದರೆ ಫ್ರಿಜ್‌ನಲ್ಲಿಡಬೇಕು ಎಂದು ಅರ್ಥ, ಎರಡನೆಯದನ್ನು ಕೊಳ್ಳಬೇಡಿ.

ಸಸ್ಯಾಹಾರಿಗಳು ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಜಪಾನಿನ ಡಬ್ಬಿಗಳ ಮೇಲೆ ಅಲರ್ಜಿಯ ಪಟ್ಟಿ ಇರುತ್ತದೆ, ಮೊಬೈಲಿನ ಅನುವಾದ ಕ್ಯಾಮೆರಾದಿಂದ ಅದನ್ನು ಓದಬಹುದು. ಆದರೆ ಆ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಮುಂತಾದ ಕೆಲವನ್ನು ಹೇಳುವುದು ಮಾತ್ರ ಕಡ್ಡಾಯ; ಜೆಲಾಟಿನ್ ಹೇಳುವುದು ಕಡ್ಡಾಯವಲ್ಲ, ಕೇವಲ ಶಿಫಾರಸು. ಹೀಗಾಗಿ ಅಲರ್ಜಿಯ ಪಟ್ಟಿಯನ್ನಷ್ಟೇ ನಂಬದೆ, ಮೇಲಿರುವ ಸಾಮಗ್ರಿಗಳ ಪೂರ್ಣ ಪಟ್ಟಿಯನ್ನೂ ಅನುವಾದಿಸಿ ಓದಬೇಕು. ಸೋಯಾ ಸಾಸ್ ಹಚ್ಚಿದ ಸೆಂಬೇಯ್ ಎಂಬ ಅಕ್ಕಿ ಬಿಸ್ಕತ್ತಿನಲ್ಲಿ ಮೀನಿನ ಸಾರ, ಮೆತ್ತನೆಯ ಜೆಲ್ಲಿ ಸಿಹಿಗಳಲ್ಲಿ ಜೆಲಾಟಿನ್ ಇರುವ ಸಾಧ್ಯತೆ ಹೆಚ್ಚು. ಯೋಕಾನ್ ಎಂಬ ಗಟ್ಟಿ ಸಿಹಿಯನ್ನು ಮಾತ್ರ ಸಾಂಪ್ರದಾಯಿಕವಾಗಿ ಕಡಲಕಳೆಯಿಂದ ಸಿಗುವ ಅಗರ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಅದು ಬಹುದಿನ ಬಾಳುತ್ತದೆ ಕೂಡ. ಕೇಳಿ ತಿಳಿಯಬೇಕಾದಾಗ ಒಂದು ವಾಕ್ಯ ಸಾಕು: "ಸಕಾನಾ ಹೈತ್ತೆ ಇಮಾಸು ಕಾ?" ಅಂದರೆ ಮೀನು ಇದೆಯೇ ಎಂದು. ಸಕಾನಾ ಬದಲು ಮಾಂಸಕ್ಕೆ 'ನಿಕು', ಮೊಟ್ಟೆಗೆ 'ತಮಾಗೊ' ಎಂದು ಸೇರಿಸಿಕೊಳ್ಳಿ.

ಎಂಟನೆಯ ಹೆಜ್ಜೆ: ಹಣ, ಕಟ್ಟುವಿಕೆ, ವಿಮಾನ

ಹತಾಜುಕುವಿನಂತಹ ಕಡೆ ಚಿಕ್ಕ ಕಾರ್ಯಾಗಾರಗಳಲ್ಲಿ ಕಾರ್ಡ್ ನಡೆಯದಿರಬಹುದು, ನಗದು ಯೆನ್ ಇಟ್ಟುಕೊಂಡು ಹೋಗಿ. ದೊಡ್ಡ ಅಂಗಡಿಗಳಲ್ಲಿ ಪಾಸ್‌ಪೋರ್ಟ್ ತೋರಿಸಿದರೆ, ಒಂದೇ ದಿನ ಒಂದೇ ಅಂಗಡಿಯಲ್ಲಿ 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಗೆ ಪ್ರವಾಸಿಗರಿಗೆ ಬಳಕೆ ತೆರಿಗೆಯ ವಿನಾಯಿತಿ ಉಂಟು. ವಸ್ತುಗಳ ಮೇಲೆ ಈ ತೆರಿಗೆ ಶೇಕಡ 10, ತಿನಿಸುಗಳ ಮೇಲೆ ಶೇಕಡ 8. 2026ರ ನವೆಂಬರ್ 1ರಿಂದ ಕ್ರಮ ಬದಲಾಗಿ, ಅಂಗಡಿಯಲ್ಲಿ ತೆರಿಗೆ ಸೇರಿಸಿ ಕೊಟ್ಟು, ದೇಶ ಬಿಡುವಾಗ ಪರಿಶೀಲನೆಯ ನಂತರ ಮರಳಿ ಪಡೆಯುವ ಪದ್ಧತಿ ಜಾರಿಗೆ ಬರುತ್ತದೆ. ಬೆಟ್ಟದ ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ಆದ್ದರಿಂದ ಕೊಳ್ಳುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಲಿ.

ಗುಟ್ಟಿನ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಮೆತ್ತನೆಯ ಬಟ್ಟೆ ಸುತ್ತಿ ಕೈಚೀಲದಲ್ಲಿಡಿ. ಉಮೆಬೊಶಿ, ಜಾಮ್, ಪುಡಿಂಗ್‌ನಂತಹ ಒದ್ದೆ ಪದಾರ್ಥಗಳು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ದ್ರವಗಳ ಲೆಕ್ಕಕ್ಕೆ ಸೇರುವುದರಿಂದ ಅವು ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿರಬೇಕು. ಮಂಜೂ ಡಬ್ಬಿ ಅದುಮಿದರೆ ಚಪ್ಪಟೆಯಾಗುತ್ತದೆ, ಅದೂ ಕೈಚೀಲಕ್ಕೇ. ತಾಜಾ ಯುಜು ಹಣ್ಣು, ಗಿಡ, ಬೀಜಗಳನ್ನು ಎಷ್ಟೇ ಆಸೆಯಾದರೂ ತರಬೇಡಿ. ಸಸ್ಯ ಸಂಪರ್ಕತಡೆಯ ನಿಯಮಗಳು ಅವನ್ನು ಒಪ್ಪುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಯೊಸೆಗಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಬಣ್ಣ ಮರದ್ದೇ ಆದ್ದರಿಂದ ಬಿಸಿಲಿಗೆ ಬಾಡುತ್ತದೆ; ನೇರಳೆ ಬಣ್ಣದ ಮರ ಮೊದಲು ಕಂದಾಗುತ್ತದೆ, ಬಿಳಿ ಮರ ಮೆಲ್ಲಗೆ ಹಳದಿಗೆ ತಿರುಗುತ್ತದೆ. ನೆರಳಿನಲ್ಲಿಟ್ಟ ವಸ್ತುವಿನಲ್ಲಿಯೂ ವರ್ಷಗಳು ಕಳೆದಂತೆ ಬಣ್ಣಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಅದಕ್ಕೆ ಅದರದೇ ಚೆಲುವಿದೆ. ಒದ್ದೆ ಬಟ್ಟೆ ಬೇಡ, ಒಣಗಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಬಟ್ಟಲಿನಲ್ಲಿ ದ್ರಾಕ್ಷಿ, ಗೋಡಂಬಿ ಇಡಬಹುದು. ಸಾರು, ಮೊಸರು ಬೇಡ.

ಗುಟ್ಟಿನ ಪೆಟ್ಟಿಗೆಯ ಜೊತೆ ತೆರೆಯುವ ಕ್ರಮವನ್ನು ಅಚ್ಚು ಹಾಕಿದ ಚೀಟಿಯೊಂದು ಬರುತ್ತದೆ. ಅದನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚುವವರು ಬಹಳ. ಚೀಟಿಯ ಫೋಟೊ ತೆಗೆದಿಟ್ಟುಕೊಂಡು, ಯಾವ ಹಲಗೆ ಮೊದಲು ಯಾವ ಕಡೆಗೆ ಎಂಬುದನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದು, ಕಾಣಿಕೆ ಪಡೆದವರಿಗೆ ಬೇರೆ ಲಕೋಟೆಯಲ್ಲಿ ಕೊಡಿ; ಮೊದಲ ವಾರ ಅದನ್ನು ತೆರೆಯಬಾರದೆಂಬ ಷರತ್ತನ್ನೂ ಹಾಕಿ.